ಕಂತ್ರಿ ಗಿಟಾರಿನ ಕ್ಯಾತಣ್ಣ

ಆ ಕಾಲದಲ್ಲಿ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಗಿಟಾರ್ ಬಾರಿಸುವ ಕ್ಯಾತಣ್ಣನ ಮನೆ ಎಲ್ಲಿ ಎಂದು ಕೇಳಿದರೆ, ಕೇಳಿದವರನ್ನೇ ಜನ ಮೇಲಿಂದ ಕೆಳಗೆ ನೋಡುತ್ತಿದ್ದರು. ಕಂತ್ರಿ ಕ್ಯಾತಣ್ಣ ಎಂದರೆ ಸಾಕು, ಬಾಳೆಹಣ್ಣಿನ ಗಾಡಿಯವನೂ ಕೈ ತೋರಿಸುತ್ತಿದ್ದ: ಬಾಷಾ ಸಾಬರ ಸೌಂಡ್ ಸರ್ವಿಸ್ ಅಂಗಡಿ, ಅದರ ಹಿಂದುಗಡೆ ಮೆಟ್ಟಿಲು, ಮೇಲೆ ಒಂದೇ ಒಂದು ಕೋಣೆ. ಬೀದಿನಾಯಿಗೆ ಅನ್ನುವ ಮಾತನ್ನು ಮನುಷ್ಯನ ಹೆಸರಿಗೆ ಅಂಟಿಸಿದ್ದೇವಲ್ಲ ಎಂದು ಅಲ್ಲಿ ಯಾರಿಗೂ ಅನ್ನಿಸಿದಂತಿರಲಿಲ್ಲ. ಅವನೂ ಓ ಎನ್ನುತ್ತಿದ್ದ. ಅನ್ನದೆ ಇನ್ನೇನು ಮಾಡುವುದು? ಕರೆಯುವವರೇ ಕಡಿಮೆ ಇದ್ದ ಬಾಳು ಅವನದು.

ಹುಟ್ಟಿದ್ದು ಐವತ್ತನೇ ಇಸವಿಯ ಆಸುಪಾಸಿನಲ್ಲಿ, ಕಳ್ಳಂಬೆಳ್ಳದ ಕೆರೆಯಿಂದ ಎರಡು ಮೈಲಿ ಆಚೆ, ಮುಳ್ಳುಬೇಲಿಯೊಳಗಿನ ಇಪ್ಪತ್ತು ಮನೆಗಳ ಗೊಲ್ಲರ ಹಟ್ಟಿಯಲ್ಲಿ. ಅಪ್ಪ ಅಂಜನಪ್ಪ ಕುರಿ ಕಾಯುವವನು, ಜೊತೆಗೆ ಹಟ್ಟಿಯ ಗಣೆಗಾರ. ಗಣೆ ಅಂದರೆ ತೋಳಿಗಿಂತ ಉದ್ದದ ಬಿದಿರ ಕೊಳಲು. ವರ್ಷಕ್ಕೊಂದು ಸಲ ದೇವರ ದಿನ, ಹೊತ್ತು ಇಳಿದು ಮಂದೆ ಹಟ್ಟಿಗೆ ಬರುವ ವೇಳೆಗೆ ಅಂಜನಪ್ಪ ಗುಡಿಯ ಮುಂದೆ ನಿಂತು ಒಂದು ಸ್ವರ ಊದುತ್ತಿದ್ದ. ಮಂದೆ ತಿರುಗೋ ಸ್ವರ ಎಂದೇ ಅದಕ್ಕೆ ಹೆಸರು. ಅದು ಮುಗಿದ ಮೇಲೆಯೇ ಜನ ಉಣ್ಣಲು ಕೂರುವುದು. ಅದಿಲ್ಲದಿದ್ದರೆ ದೇವರ ದಿನ ಆದಂತೆಯೇ ಅಲ್ಲ.

ಗಣೆ ದೊಡ್ಡ ಮಗನಿಗೆ ಹೋಗುವುದು ಆ ಮನೆಯ ರೂಢಿ. ದೊಡ್ಡ ಮಗ ಬೋರಣ್ಣ ಚಿನ್ನದಂಥ ಮನುಷ್ಯ. ಕುರಿಯ ಕೆಮ್ಮು ಕೇಳಿಯೇ ಯಾವ ಕಾಯಿಲೆ ಎಂದು ಹೇಳಬಲ್ಲವನು. ಆದರೆ ಕುರಿಯ ಕೆಮ್ಮು ಬಿಟ್ಟು ಬೇರೆ ಯಾವ ನಾದವೂ ಅವನ ಕಿವಿಯಲ್ಲಿ ನಿಲ್ಲುತ್ತಿರಲಿಲ್ಲ. ಚಿಕ್ಕವನಾದ ಕ್ಯಾತಣ್ಣನಿಗೆ ಆ ಸ್ವರ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು. ಗಣೆ ಮಾತ್ರ ಮುಂದೆ ಅಣ್ಣನಿಗೇ ಎಂದು ಗೊತ್ತಾಗಿತ್ತು, ಕ್ಯಾತಣ್ಣನಿಗೆ ಒಂದು ಕೋಲು ಮತ್ತು ನಲವತ್ತು ಕುರಿ. ದೇವರು ಕೊಡುವುದನ್ನೆಲ್ಲ ಹೀಗೆ ಅದಲು ಬದಲು ಮಾಡಿ ಕೊಟ್ಟು ಅದೇನು ಮಜಾ ನೋಡುತ್ತಾನೋ.

ಅರವತ್ತೆಂಟರಲ್ಲಿ ಕುರಿ ತುಂಬಿದ ಲಾರಿಯ ಜೊತೆ ಬೆಂಗಳೂರಿಗೆ ಹೋದ ಕ್ಯಾತಣ್ಣ ಲಾರಿಯ ಜೊತೆ ವಾಪಸು ಬರಲಿಲ್ಲ. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದ ಒಬ್ಬ ಆಂಗ್ಲೋ ಇಂಡಿಯನ್ ಮುದುಕನಿದ್ದ. ಹೊಟ್ಟೆನೋವಿಗೆ ಮೇಕೆ ಹಾಲೇ ಆಗಬೇಕೆಂದು ಎರಡು ಮೇಕೆ ಸಾಕಿಕೊಂಡು, ಅವು ಹತ್ತಿರ ಸೇರಿಸದೆ ಒದ್ದಾಡುತ್ತಿದ್ದ. ಕ್ಯಾತಣ್ಣ ಬೇಲಿಯ ಆಚೆಯಿಂದಲೇ ಒಂದು ಸದ್ದು ಮಾಡಿದ. ಎರಡೂ ಬಂದು ಅವನ ಕೈ ನೆಕ್ಕಿದವು. ಅಂದೇ ಕೆಲಸ ಸಿಕ್ಕಿತು. ಆ ಮನೆಯ ಪಡಸಾಲೆಯಲ್ಲಿ ಒಂದು ಗಿಟಾರ್ ನೇತುಹಾಕಿತ್ತು.

ಸಂಜೆ ಹೊತ್ತು ಗಾರ್ಡ್ ದೊರೆ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಮೀಟಿ, ಮೀಟಿದ ತಂತಿಯನ್ನು ಬೆರಳಲ್ಲಿ ಪಕ್ಕಕ್ಕೆ ಎಳೆದು ಅಳಿಸುತ್ತಿದ್ದ. ಇದಕ್ಕೆ ಕಂಟ್ರಿ ಅನ್ನುತ್ತಾರೆ, ಅಮೆರಿಕದ ದನ ಕಾಯುವವರ ಹಾಡು ಎಂದು ಹೇಳಿದ. ಕ್ಯಾತಣ್ಣ ನಂಬಲಿಲ್ಲ. ಇಂಗ್ಲಿಷ್ ಮಾತಾಡುವವರೂ ದನ ಕಾಯುತ್ತಾರಾ? ಆದರೆ ಆ ಎಳೆದ ತಂತಿಯ ನಾದ ಕೇಳಿದಾಗ ಅವನ ಮೈ ಜುಂ ಎಂದಿತು. ಅಪ್ಪ ಗಣೆಯಲ್ಲಿ ಉಸಿರು ಜಾರಿಸುತ್ತಿದ್ದದ್ದು ಹೀಗೆಯೇ. ನಾಲ್ಕು ವರ್ಷ ಮೇಕೆ ಕರೆದ, ನಾಲ್ಕು ವರ್ಷ ಕಲಿತ. ಅಪ್ಪನ ಸ್ವರವನ್ನು ಗಿಟಾರಿನ ಮೇಲೆ ಹುಡುಕಿ ಹುಡುಕಿ ಇಳಿಸಿಕೊಂಡ.

ಎಪ್ಪತ್ತೆರಡರಲ್ಲಿ ದಂಡಿನ ಹೋಟೆಲೊಂದರಲ್ಲಿ ರಾಕ್ ಬಾರಿಸುವ ನಾಲ್ವರ ತಂಡಕ್ಕೆ ಸೇರಿದ. ಕ್ಯಾತಣ್ಣ ಎಂಬ ಹೆಸರು ಅವರ ನಾಲಿಗೆಗೆ ಹೊರಳದೆ ಕ್ಯಾಟ್ ಎಂದು ಕರೆದರು. ಅಲ್ಲಿ ಬೆಕ್ಕಾದವನು ಮುಂದೆ ಶಿರಾದಲ್ಲಿ ನಾಯಿಯಾಗಬೇಕಾಗಿ ಬಂದದ್ದು ಅವನ ಹಣೆಬರಹ. ಉದ್ದ ಕೂದಲು ಬಿಟ್ಟ, ಬೆಲ್‌ಬಾಟಮ್ ಹಾಕಿದ. ಡ್ರಮ್ಮಿನ ಅಬ್ಬರದ ನಡುವೆ ಅವನು ಒಂದು ತಂತಿಯನ್ನು ಎಳೆದು ನಿಲ್ಲಿಸಿದರೆ ಬಿಯರ್ ಕುಡಿಯುವವರು ಲೋಟ ಕೆಳಗಿಟ್ಟು ನೋಡುತ್ತಿದ್ದರು. ಯಾವ ಅಮೆರಿಕದ ರೆಕಾರ್ಡು ಕೇಳಿ ಕಲಿತಿರಿ ಎಂದು ಕೇಳುವರು. ಕಳ್ಳಂಬೆಳ್ಳ ಎಂದರೆ ಅದು ಯಾವ ರಾಜ್ಯದಲ್ಲಿದೆ ಎನ್ನುವರು. ಅವನು ನಕ್ಕು ತಂತಿ ಬಿಗಿದುಕೊಳ್ಳುತ್ತಿದ್ದ. ಆರು ವರ್ಷ ಹೀಗೆ ನಡೆಯಿತು. ಗಾರ್ಡ್ ದೊರೆ ತೀರಿಕೊಂಡ. ತಂಡದ ಇಬ್ಬರು ಆಸ್ಟ್ರೇಲಿಯಾ ಸೇರಿದರು. ಹೋಟೆಲಿನವರು ಬ್ಯಾಂಡ್ ಬೇಡ, ಟೇಪ್ ಸಾಕು ಎಂದರು. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕ್ಯಾತಣ್ಣ ಒಂದು ಎಲೆಕ್ಟ್ರಿಕ್ ಗಿಟಾರ್ ಹೊತ್ತುಕೊಂಡು ಹಟ್ಟಿಯ ದಾರಿ ಹಿಡಿದ.

ಹನ್ನೊಂದು ವರ್ಷದಿಂದ ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ. ಆ ಸ್ವರವನ್ನು ಅಪ್ಪನ ಮುಂದೆ, ಹಟ್ಟಿಯ ಗುಡಿಯ ಮುಂದೆ ಬಾರಿಸಬೇಕು. ಗಣೆ ತನಗೆ ಬರದಿದ್ದರೂ ಸ್ವರ ತನಗೆ ಬಂದಿದೆ ಎಂದು ಅವರಿಗೆ ಕೇಳಿಸಬೇಕು. ಇಷ್ಟು ಆಸೆ ಇಟ್ಟುಕೊಂಡವನು ಒಂದು ವಿಷಯ ಮರೆತಿದ್ದ. ಹಟ್ಟಿಗೆ ಇನ್ನೂ ಕರೆಂಟ್ ಬಂದಿರಲಿಲ್ಲ.

ಎಲೆಕ್ಟ್ರಿಕ್ ಗಿಟಾರಿಗೆ ಕರೆಂಟ್ ಇಲ್ಲದಿದ್ದರೆ ಅದು ಬರೀ ಹಲಗೆ. ಆದರೂ ಅಪ್ಪನ ಪಕ್ಕ ಕೂತು ಬಾರಿಸಿದ. ವಯಸ್ಸಾಗಿ ಕಿವಿ ಮಂದವಾಗಿದ್ದ ಅಂಜನಪ್ಪ ಕತ್ತು ಬಗ್ಗಿಸಿ, ಹಲಗೆಗೆ ಕಿವಿ ತಾಗಿಸುವಷ್ಟು ಹತ್ತಿರ ಬಂದು ಕೇಳಿದ.

"ನೊಣ ಗುಂಯ್ ಅಂದಂಗೆ ಐತೆ ಕಣ್ಲಾ," ಅಂದ. "ಇದು ಯಾರಿಗೆ ಕೇಳಿಸ್ತದೆ? ಕುರಿಗೂ ಕೇಳಾಕಿಲ್ಲ."

ಬೈದದ್ದಲ್ಲ, ಕಂಡದ್ದನ್ನು ಹೇಳಿದ್ದು. ಅದಕ್ಕೇ ಕ್ಯಾತಣ್ಣನಿಗೆ ಹೆಚ್ಚು ನೋವಾಯಿತು. ಕರೆಂಟ್ ಇರೋ ಕಡೆ ಕರ್ಕಂಡೋಗಿ ಕೇಳಿಸ್ತೀನಿ ಕಣಪ್ಪ ಎಂದ. ಆಗಲಿ ಬುಡು ಎಂದ ಅಂಜನಪ್ಪ.

ಕರೆಂಟ್ ಇದ್ದದ್ದು ಶಿರಾದ ಬಾಷಾ ಸಾಬರ ಬಳಿ. ಮೈಕು, ಹಾರನ್ನು, ಟ್ಯೂಬ್‌ಲೈಟು ಬಾಡಿಗೆಗೆ ಕೊಡುವ ಅವರಿಗೆ ಹಾಡೆಂದರೆ ಪ್ರಾಣ. ನಾಲ್ಕು ಜನರನ್ನು ಕೂಡಿಸಿ ಆರ್ಕೆಸ್ಟ್ರಾ ಕಟ್ಟಿದ್ದರು. ಗಣೇಶನ ಹಬ್ಬ, ಶಾಲೆಯ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ, ಎಲ್ಲಿ ಕರೆದರೂ ವ್ಯಾನಿನಲ್ಲಿ ಹೊರಡುವುದು. ಕ್ಯಾತಣ್ಣನ ಕೈ ಒಂದು ಸಲ ಕೇಳಿದ್ದೇ, "ಅರೆ ವಾಹ್! ನೀವು ಎಲ್ಲೂ ಹೋಗಬೇಡಿ ಭಾಯ್, ಮೇಲಿನ ರೂಮು ಖಾಲಿ ಇದೆ," ಎಂದು ಬೀಗದ ಕೈ ಕೊಟ್ಟುಬಿಟ್ಟರು. ಹಬ್ಬಕ್ಕೆ ಹೊಸ ಪೋಸ್ಟರ್ ಬೇಕಲ್ಲ, ಬೆಂಗಳೂರಿನ ಖ್ಯಾತ ಕಂಟ್ರಿ ಗಿಟಾರ್ ವಾದಕ ಕ್ಯಾತಣ್ಣ ಎಂದು ಚೀಟಿಯಲ್ಲಿ ಬರೆದು ನಾಗಲಿಂಗಯ್ಯನವರ ಪ್ರೆಸ್ಸಿಗೆ ಕಳಿಸಿದರು.

ನಾಗಲಿಂಗಯ್ಯ ಅಚ್ಚಿನ ಮೊಳೆ ಜೋಡಿಸುವುದರಲ್ಲಿ ಬಲು ಶುದ್ಧದ ಮನುಷ್ಯ. ಒಂದು ಒತ್ತು ತಪ್ಪಿದರೂ ನಿದ್ದೆ ಬಾರದು. ಕಂಟ್ರಿ ಎಂಬ ಮಾತು ಅವರು ಎಲ್ಲೂ ಕಂಡಿರಲಿಲ್ಲ. ಯಾರೋ ಅಕ್ಷರ ಬಾರದವರು ಬರೆದಿದ್ದಾರೆ ಪಾಪ ಎಂದು ತಿದ್ದಿ, ಕಂತ್ರಿ ಗಿಟಾರ್ ಎಂದು ದಪ್ಪಕ್ಷರದಲ್ಲಿ ಐನೂರು ಪ್ರತಿ ತೆಗೆದರು. ಗೌಡಗೆರೆಯಿಂದ ಮಧುಗಿರಿಯವರೆಗೆ ಗೋಡೆ ಗೋಡೆಗೆ ಅಂಟಿತು. ಜನ ಬಿದ್ದು ಬಿದ್ದು ನಕ್ಕರು. ನಕ್ಕವರೆಲ್ಲ ಕಾರ್ಯಕ್ರಮಕ್ಕೂ ಬಂದರು ಅನ್ನಿ. ಹಾಗಾಗಿ ಬಾಷಾ ಸಾಬರು ಎರಡನೇ ಸಲ ಅಚ್ಚು ಹಾಕಿಸುವಾಗಲೂ ತಿದ್ದಿಸುವ ಗೋಜಿಗೆ ಹೋಗಲಿಲ್ಲ.

ಕಾರ್ಯಕ್ರಮ ಎಂದರೆ ಸಿನಿಮಾ ಹಾಡು. ಕ್ಯಾತಣ್ಣ ಹಿಂದುಗಡೆ ನಿಂತು ಟಿಣ್ ಟಿಣ್ ಎನ್ನಿಸಬೇಕು. ನಡುವೆ ಗಾಯಕಿ ಸೀರೆ ಬದಲಿಸಲು ಹೋದಾಗ ಎರಡು ನಿಮಿಷ ಅವನದು. ಒಬ್ಬ ಕಲಾವಿದನ ಇಡೀ ಬಾಳು ಇನ್ನೊಬ್ಬರು ಸೀರೆ ಉಡುವಷ್ಟು ಹೊತ್ತು! ಆ ಎರಡು ನಿಮಿಷದಲ್ಲಿ ಅವನು ಅಪ್ಪನ ಸ್ವರ ಬಾರಿಸುತ್ತಿದ್ದ. ಜನ ಎದ್ದು ಟೀ ಕುಡಿಯಲು ಹೋಗುವರು. ಕೊರಟಗೆರೆಯಲ್ಲಿ ಯಾರೋ ಶಿಳ್ಳೆ ಹಾಕಿದರು, ಪಾವಗಡದಲ್ಲಿ "ಪಾಟ ಎಪ್ಪುಡಯ್ಯಾ?" ಎಂದು, ಹಾಡು ಯಾವಾಗ ಅಂತ, ತೆಲುಗಿನಲ್ಲಿ ಕೂಗಿದರು. ಅವನು ಕಣ್ಣು ಮುಚ್ಚಿ ಬಾರಿಸಿ ಮುಗಿಸಿ, ಮತ್ತೆ ಹಿಂದಕ್ಕೆ ಸರಿದು ನಿಲ್ಲುತ್ತಿದ್ದ.

ಎಂಬತ್ತೊಂದರ ಶ್ರಾವಣದಲ್ಲಿ ಕಳ್ಳಂಬೆಳ್ಳದ ಶಾಲೆಯ ಬಯಲಲ್ಲಿ ಕಾರ್ಯಕ್ರಮ ಗೊತ್ತಾಯಿತು. ಅಪ್ಪನನ್ನು ಗಾಡಿಯಲ್ಲಿ ಕರೆತಂದು ಹಾರನ್ನಿನ ಎದುರಿಗೇ ಕೂರಿಸುವುದೆಂದು ಕ್ಯಾತಣ್ಣ ಎಲ್ಲ ಏರ್ಪಾಡು ಮಾಡಿದ್ದ. ಕಾರ್ಯಕ್ರಮಕ್ಕೆ ಒಂಬತ್ತು ದಿನ ಮೊದಲು ಅಂಜನಪ್ಪ ಕುರಿ ರೊಪ್ಪದ ಹತ್ತಿರ ಕೂತಲ್ಲಿಯೇ ಪ್ರಾಣ ಬಿಟ್ಟ.

ತಿಥಿಯ ದಿನ ಗಣೆ ಬೋರಣ್ಣನ ಕೈಗೆ ಬಂತು. ಅವನು ಊದಿದ. ಗಾಳಿ ಹೋಯಿತು, ನಾದ ಬರಲಿಲ್ಲ. ಮತ್ತೆ ಊದಿದ. ಜನ ನೆಲ ನೋಡಿದರು. ಕ್ಯಾತಣ್ಣ ತಡೆಯಲಾರದೆ ಕೈ ನೀಡಿದ.

"ನಂಗೆ ಕೊಡಣ್ಣ, ಒಂದ್ಸಲ."

"ದೊಡ್ಮಗಂದು ಇದು," ಅಂದ ಬೋರಣ್ಣ. ಅವನ ಧ್ವನಿಯಲ್ಲಿ ಗರ್ವ ಇರಲಿಲ್ಲ, ಅವಮಾನ ಇತ್ತು. ಅದು ಕ್ಯಾತಣ್ಣನಿಗೆ ಆಗ ಕೇಳಿಸಲಿಲ್ಲ.

"ನಿನ್ ಬಾಯ್ಗೆ ಅದು ಒಲೆ ಊದೋ ಕೊಳವೆ ಕಣಣ್ಣ!"

ಇಡೀ ಹಟ್ಟಿಯ ಮುಂದೆ, ಅಪ್ಪ ಸತ್ತ ಹನ್ನೊಂದನೇ ದಿನ, ಅಣ್ಣನಿಗೆ ಆಡಿದ ಮಾತು. ಬೋರಣ್ಣ ಗಣೆಯನ್ನು ಕಂಬಳಿಯೊಳಗೆ ಮುಚ್ಚಿಟ್ಟುಕೊಂಡ. ಕ್ಯಾತಣ್ಣ ಅಂದೇ ಹಟ್ಟಿ ಬಿಟ್ಟ. ಯಾರೂ ಹೋಗೆಂದಿರಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಎರಡು ವರ್ಷ ದೇವರ ದಿನ ಸ್ವರವಿಲ್ಲದೆ ಕಳೆಯಿತು. ಜನ ಉಂಡರು, ಆದರೆ ಮನಸ್ಸಿಲ್ಲದೆ ಉಂಡರು ಎಂಬ ಸುದ್ದಿ ಶಿರಾ ಸಂತೆಗೆ ಬಂದವರಿಂದ ಕ್ಯಾತಣ್ಣನ ಕಿವಿಗೆ ಬೀಳುತ್ತಿತ್ತು. ಅವನು ಕೋಣೆಯಲ್ಲಿ ಕೂತು ಪ್ಲಗ್ ಹಾಕದೆ ಆ ಸ್ವರ ಬಾರಿಸುತ್ತಿದ್ದ. ನೊಣದ ಸದ್ದು. ಒಬ್ಬನೇ ಬಾರಿಸಿ ಒಬ್ಬನೇ ಕೇಳುವುದು. ಒಂದೆರಡು ಕಡೆ ಹೆಣ್ಣು ನೋಡಿದ್ದೂ ಆಯಿತು. ಹುಡುಗ ಏನು ಮಾಡುತ್ತಾನೆ ಎಂದಾಗ ಪೋಸ್ಟರೇ ಉತ್ತರ ಹೇಳಿಬಿಡುತ್ತಿತ್ತು. ಊಟ ಹೋಟೆಲಲ್ಲಿ, ಹಬ್ಬದ ದಿನ ಬಾಷಾ ಸಾಬರ ಮನೆಯಲ್ಲಿ. ಅವರ ಹೆಂಡತಿ ಜಮೀಲಾ ತಟ್ಟೆಯ ಮೇಲೆ ತಟ್ಟೆ ಮುಚ್ಚಿ ಮೆಟ್ಟಿಲ ಬಳಿ ಇಟ್ಟು, "ಬಿಸಿ ಇದೆ ಭಾಯ್," ಎಂದು ಕೂಗಿ ಹೋಗುತ್ತಿದ್ದಳು. ಕೆಲವು ದಿನ ಅವನ ಕಿವಿಗೆ ಬಿದ್ದ ಒಳ್ಳೆಯ ಮಾತು ಅದೊಂದೇ.

ಅವನ ಸಂಕಟ ನೋಡಲಾರದೆ ಎಂಬತ್ತಮೂರರಲ್ಲಿ ಬಾಷಾ ಸಾಬರೇ ಒಂದು ದಿನ ಅವನನ್ನು ಮೋಟರ್‌ಸೈಕಲ್ ಹತ್ತಿಸಿಕೊಂಡು ಹಟ್ಟಿಗೆ ಹೊರಟರು. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಆಂಪ್ಲಿಫೈಯರ್ ತಮ್ಮ ಬಳಿ ಇದೆ, ದೇವರ ದಿನ ಕ್ಯಾತಣ್ಣ ಗಿಟಾರಿನಲ್ಲಿ ಆ ಸ್ವರ ಬಾರಿಸಲಿ ಎಂದು ಕೇಳುವುದು ಅವರ ಯೋಚನೆ. ಹಟ್ಟಿಯ ಪೂಜಾರಿ ಪೆದ್ದಣ್ಣ ಬೇಲಿಯ ಬಾಗಿಲಲ್ಲಿ ಕೂರಿಸಿ ಎಲ್ಲ ಕೇಳಿಸಿಕೊಂಡ. ಮುದುಕನಿಗೆ ಮನಸ್ಸಿತ್ತು ಎಂದೇ ಹೇಳಬೇಕು. ಆದರೆ ಒಳಗೆ ಹೋಗಿ ಮಡಿಸಿಟ್ಟ ಒಂದು ಪೋಸ್ಟರ್ ತಂದ.

"ಕಂತ್ರಿ ಅಂತ ನೀವೇ ಅಚ್ಚಾಕ್ಸಿದ್ದೀರಿ. ಕಂತ್ರಿ ವಾದ್ಯನ ದ್ಯಾವ್ರ ಮುಂದೆ ಬಾರ್ಸಾಕೆ ಆಯ್ತದಾ? ನೀವೇ ಹೇಳಿ ಸಾಬ್ರೇ."

"ಅರೆ ಯಜಮಾನ್ರೇ, ಅದು ಅಚ್ಚಿನ ತಪ್ಪು!" ಬಾಷಾ ಸಾಬರು ಹಣೆ ಬಡಿದುಕೊಂಡರು. "ಕಂತ್ರಿ ಅಲ್ಲ, ಕಂಟ್ರಿ. ಕಂಟ್ರಿ ಅಂದ್ರೆ ನಾಟಿ. ಊರ ಕಡೇದು, ಅಸಲಿ ಮಾಲು. ಈಗ ಫಾರಂ ಕೋಳಿ ಬೇರೆ, ನಾಟಿ ಕೋಳಿ ಬೇರೆ ಅನ್ನಲ್ವಾ? ಈ ಗಿಟಾರು ನಾಟಿ ಕೋಳಿ ಇದ್ದಂಗೆ!"

ಕ್ಯಾತಣ್ಣ ಕಣ್ಣು ಮುಚ್ಚಿಕೊಂಡ. ಗೊಲ್ಲರ ಹಟ್ಟಿಯೊಳಕ್ಕೆ ಕೋಳಿ ಬರುವಂತಿಲ್ಲ. ಸಾಕುವುದಿಲ್ಲ, ತಿನ್ನುವುದಿಲ್ಲ, ಹೆಸರನ್ನೂ ಗುಡಿಯ ಕಡೆ ಮುಖ ಮಾಡಿ ಹೇಳುವುದಿಲ್ಲ. ಅದು ಹುಂಜ ಕೂಗದೆಯೇ ಬೆಳಗಾಗುವ ಊರು. ಶಿರಾದ ಸಾಬರಿಗೆ ಇದು ಹೇಗೆ ಗೊತ್ತಾಗಬೇಕು?

ಪೆದ್ದಣ್ಣ ಪೋಸ್ಟರನ್ನು ಮೆಲ್ಲಗೆ ಮಡಿಸಿದ. "ನಾಯಿನಾದ್ರೂ ಬುಟ್ಕಂತೀವಿ ಸಾಬ್ರೇ, ಮಂದೆ ಕಾಯ್ತದೆ. ಕೋಳಿ ಬ್ಯಾಡ."

ದಾರಿಯಲ್ಲಿ ವಿಷಯ ತಿಳಿದ ಬಾಷಾ ಸಾಬರು ಗಾಡಿ ನಿಲ್ಲಿಸಿ, "ತೋಬಾ ತೋಬಾ, ನಾನು ಹೊಗಳೋಕೆ ಹೋಗಿದ್ದು ಭಾಯ್," ಎಂದು ಎರಡೂ ಕೆನ್ನೆ ತಟ್ಟಿಕೊಂಡರು. ಅವರ ಮುಖ ನೋಡಿ ಕ್ಯಾತಣ್ಣನಿಗೆ ನಗು ಬಂತು. ಇಬ್ಬರೂ ಕೆರೆ ಏರಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಕ್ಯಾತಣ್ಣ ಮತ್ತೆ ಗಾಡಿಯ ಹಿಂದೆ ಹತ್ತಿ ಕೂತ. ಇನ್ನು ಅದು ಆಗದ ಮಾತು ಎಂದು ಅವನಿಗೆ ಗೊತ್ತಾಗಿತ್ತು.

ಆಮೇಲಿನ ನಾಲ್ಕು ವರ್ಷ ವಿಶೇಷವೇನಿಲ್ಲ. ಮಧುಗಿರಿ, ಕೊರಟಗೆರೆ, ಪಾವಗಡ, ಮತ್ತೆ ಶಿರಾ. ವ್ಯಾನಿನ ಹಿಂದಿನ ಸೀಟು, ಹಾರನ್ನುಗಳ ನಡುವೆ ಮುದುರಿ ಕೂತ ನಿದ್ದೆ. ಉದ್ದ ಕೂದಲು ಹೋಗಿ ಬರೀ ಕೂದಲು ಉಳಿಯಿತು, ಅದೂ ಅರ್ಧ ಬೆಳ್ಳಗಾಯಿತು. ಕೀಬೋರ್ಡ್ ಬಂದ ಮೇಲೆ ಟಿಣ್ ಟಿಣ್ ಕೆಲಸವೂ ಕಡಿಮೆಯಾಯಿತು. ಸೀರೆ ಬದಲಿಸುವ ಎರಡು ನಿಮಿಷ ಮಾತ್ರ ಅವನಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಯಾರಿಗೂ ಬೇಕಿರಲಿಲ್ಲ, ಅದಕ್ಕೆ.

ಎಂಬತ್ತೇಳರಲ್ಲಿ ಒಂದು ಮಂಗಳವಾರ ಅತ್ತಿಗೆ ರಂಗಕ್ಕ ಅಂಗಡಿಯ ಮುಂದೆ ಬಂದು ನಿಂತಳು. ಆರು ವರ್ಷದ ಮೇಲೆ ಅವಳ ಮುಖ ನೋಡಿದ ಕ್ಯಾತಣ್ಣನಿಗೆ ಎದ್ದು ನಿಲ್ಲುವುದೋ ಕೂರುವುದೋ ತಿಳಿಯಲಿಲ್ಲ.

"ನಾಡಿದ್ದು ದ್ಯಾವ್ರ ದಿನ, ಬಾ ಕ್ಯಾತಣ್ಣ," ಅಂದಳು. "ನಿಮ್ಮಣ್ಣ ಊದ್ತಾನೆ."

"ಊದ್ತಾನಾ? ಯಾರು ಕಲಿಸಿದ್ರು ಅತ್ಗೆ?"

ರಂಗಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹೇಳಬೇಡ ಎಂದು ಗಂಡ ಆಣೆ ಹಾಕಿಸಿದ್ದನಂತೆ. ಆಣೆಯನ್ನು ಅಲ್ಲಿಯೇ ಪಕ್ಕಕ್ಕಿಟ್ಟು ಹೇಳಿದಳು. "ನಾಕು ವರ್ಸದಿಂದ ನಿಮ್ ಪ್ರೋಗ್ರಾಂ ಎಲ್ಲೆಲ್ಲಿ ಐತೆ ಅಂತ ಪೋಸ್ಟರ್ ಓದಿಸ್ಕಂಡು ಹೋಗ್ತಿದ್ದ. ಕುರಿ ಮಾರಾಕೆ ಅಂತ ನನ್ತಾವ ಸುಳ್ಳು. ಪಾವಗಡಕ್ಕೂ ನಡ್ಕಂಡೇ ಹೋಗವ್ನೆ ಕಣಪ್ಪ. ಹಿಂದ್ಗಡೆ ಕಂಬ್ಳಿ ಹೊದ್ಕಂಡು ನಿಂತು ಅದೊಂದು ಕೇಳೋದು, ದಾರಿ ಉದ್ದಕ್ಕೂ ಗುನುಗ್ಕಂಡು ಬರೋದು, ಹೊಲ್ದಾಗೆ ಒಬ್ನೇ ಕುಂತು ಊದೋದು."

ಕ್ಯಾತಣ್ಣ ಅಂಗಡಿಯ ಬಾಗಿಲು ಹಿಡಿದುಕೊಂಡು ನಿಂತ. ಎಲ್ಲರೂ ಟೀ ಕುಡಿಯಲು ಎದ್ದು ಹೋಗುತ್ತಿದ್ದಾಗ ಒಬ್ಬ ಮಾತ್ರ ಅದಕ್ಕೆಂದೇ ಬಂದು ನಿಲ್ಲುತ್ತಿದ್ದ. ಕ್ಯಾತಣ್ಣ ಕಣ್ಣು ಮುಚ್ಚಿ ಬಾರಿಸುತ್ತಿದ್ದರಿಂದ ಒಂದು ಸಲವೂ ನೋಡಿರಲಿಲ್ಲ.

ದೇವರ ದಿನ ಗಿಟಾರನ್ನು ಕೋಣೆಯಲ್ಲೇ ಬಿಟ್ಟು ಹೋದ. ಕಳ್ಳಂಬೆಳ್ಳದಲ್ಲಿ ಬಸ್ಸಿಳಿದು ನಡೆದ. ಬೇಲಿಯ ಹತ್ತಿರ ಹೋದಂತೆ ಕಾಲು ಮುಂದೆ ಹೋಗಲಿಲ್ಲ. ಆಡಿದ ಮಾತು ಅಡ್ಡ ನಿಂತಿತು. ಅಲ್ಲಿಯೇ ಹೊರಗೆ ನಿಂತ. ಹೊತ್ತು ಇಳಿಯಿತು, ಮಂದೆಯ ಧೂಳು ಕೆರೆಯ ಕಡೆಯಿಂದ ಎದ್ದಿತು. ಆಗ ಒಳಗಿನಿಂದ ಗಣೆ ಕೇಳಿತು.

ಮೊದಲ ಉಸಿರು ಒರಟಾಗಿ ಬಂತು. ಎರಡನೆಯದು ಹಿಡಿದುಕೊಂಡಿತು. ಸ್ವರ ಏರಿತು. ನಡುಮಧ್ಯದಲ್ಲಿ, ಅಪ್ಪ ನೆಟ್ಟಗೆ ಮೇಲಕ್ಕೆ ಹೋಗುತ್ತಿದ್ದ ಜಾಗದಲ್ಲಿ, ಅದು ಒಮ್ಮೆ ಕುಸಿದು, ಕಾಲು ಜಾರಿದವನು ಸಾವರಿಸಿಕೊಂಡು ಎದ್ದಂತೆ ಮತ್ತೆ ಮೇಲೆ ಬಂತು.

ಆ ಕುಸಿತ ಅಪ್ಪನದಲ್ಲ. ಕ್ಯಾತಣ್ಣನ ಗಿಟಾರಿನ ಮೂರನೆಯ ತಂತಿಯ ಬಿರಡೆ ಸವೆದು ಎಷ್ಟೋ ವರ್ಷವಾಗಿತ್ತು. ಹೊಸದು ಶಿರಾದಲ್ಲಿ ಸಿಗಲಿಲ್ಲ, ತುಮಕೂರಿನಲ್ಲೂ ಸಿಗಲಿಲ್ಲ. ಬಾರಿಸುವಾಗ ಸರಿಯಾಗಿ ಅದೇ ಜಾಗದಲ್ಲಿ ತಂತಿ ಸಡಿಲಾಗಿ ನಾದ ಇಳಿಯುತ್ತಿತ್ತು. ಅವನು ಗಾರ್ಡ್ ದೊರೆ ಕಲಿಸಿದ ಹಾಗೆ ತಂತಿಯನ್ನು ಬೆರಳಲ್ಲಿ ಎಳೆದು ಮತ್ತೆ ಮೇಲಕ್ಕೆ ತರುತ್ತಿದ್ದ. ತಪ್ಪನ್ನು ಮುಚ್ಚಿಕೊಳ್ಳುವ ಉಪಾಯ, ಅಷ್ಟೇ. ಬೋರಣ್ಣ ಅದನ್ನೂ ಬಿಡದೆ ಕಲಿತಿದ್ದ.

ಸ್ವರ ಮುಗಿಯಿತು. ಒಳಗೆ ಪೆದ್ದಣ್ಣನ ನಡುಗುವ ಧ್ವನಿ ಕೇಳಿಸಿತು: "ಅಂಜನಪ್ಪನೇ ಎದ್ದು ಬಂದಂಗಾತು ಕಣ್ರಪ್ಪಾ."

ರಂಗಕ್ಕ ಹೇಳಿರಬೇಕು, ಬೋರಣ್ಣ ಗಣೆ ಹಿಡಿದುಕೊಂಡೇ ಬೇಲಿಯ ಹತ್ತಿರ ಬಂದ. ಅಣ್ಣನ ತಲೆಯೂ ನೆರೆತಿತ್ತು.

"ತೆಪ್ಪಾಯ್ತು ಕಣಣ್ಣ, ಅವತ್ತು ಅಂದಿದ್ದು," ಅಂದ ಕ್ಯಾತಣ್ಣ.

"ನೀನಂದಿದ್ದು ದಿಟ ಆಗಿತ್ತಲ್ಲ ಬುಡು," ಅಂದ ಬೋರಣ್ಣ. ಆಮೇಲೆ, ಎಷ್ಟೋ ದಿನದಿಂದ ಕೇಳಬೇಕೆಂದಿದ್ದವನಂತೆ, ಹತ್ತಿರ ಬಂದು ಧ್ವನಿ ತಗ್ಗಿಸಿದ. "ಮಿಕ್ಕಿದ್ದೆಲ್ಲ ಎಂಗೋ ಬಂತು ಕಣ್ಲಾ. ನಡುವೆ ಕುಸಿದು ಏಳ್ತದಲ್ಲ, ಅದೊಂದಕ್ಕೇ ಎಲ್ಡು ವರ್ಸ ಹಿಡೀತು. ಉಸ್ರು ಅಲ್ಲಿಗೆ ಬಂದ್ರೆ ಒಡ್ದೋಗೋದು. ಅಪ್ಪ ಅದನ್ನ ಅದೆಂಗೆ ಊದ್ತಿದ್ನೋ! ನಂಗೆ ಗ್ಯಾಪಕಾನೇ ಇರ್ನಿಲ್ಲ. ನೀನು ಅಷ್ಟು ದೂರ ಹೋದೋನು ಮರೀದೆ ಇಕ್ಕಂಡಿದ್ದೀಯಲ್ಲ."

ಹೇಳಿಬಿಡಬಹುದಾಗಿತ್ತು. ಅದು ಅಪ್ಪನದಲ್ಲ, ನನ್ನದು ಎಂದು ಒಂದು ಮಾತು. ಆ ಒಂದು ಮಾತಿಗೆ ಅವನ ನಾಲಿಗೆ ತುದಿಯಲ್ಲಿ ಎಷ್ಟು ಆಸೆಯಿತ್ತು ಎಂದು ಹೇಳತೀರದು. ಹತ್ತೊಂಬತ್ತು ವರ್ಷದಲ್ಲಿ ಹಟ್ಟಿಯ ಗುಡಿಯ ಮುಂದೆ ಅವನದೆಂದು ಕೇಳಿದ್ದು ಅದೊಂದೇ. ಆದರೆ ಹೇಳಿದರೆ ಅಣ್ಣ ಎರಡು ವರ್ಷ ಉಸಿರು ಕಟ್ಟಿ ಕಲಿತದ್ದು ಸವೆದ ಬಿರಡೆಯ ತಪ್ಪಾಗುತ್ತಿತ್ತು. ಅಣ್ಣನ ಕಣ್ಣು ಎಷ್ಟು ಸಂತೋಷದಲ್ಲಿತ್ತೆಂದರೆ ಕ್ಯಾತಣ್ಣ ಅದನ್ನು ನೋಡಲಾರದೆ ಗಣೆಯ ಮೇಲೆ ಕೈಯಿಟ್ಟ.

"ಅಪ್ಪ ಅಂಗೇ ಊದ್ತಿದ್ದ," ಅಂದ.

"ಬಾ, ಉಣ್ಣಾನ," ಎಂದು ಬೋರಣ್ಣ ಅವನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದ. ಸಾಲಿನಲ್ಲಿ ಜಾಗ ಮಾಡಿದರು. ಜನ ಬೋರಣ್ಣನ ಗಣೆಯ ಮಾತಾಡುತ್ತಿದ್ದರು, ಆ ಕುಸಿದು ಏಳುವ ಜಾಗ ಬಂದಾಗ ಕರುಳು ಕಿತ್ತು ಬಂದಂತಾಯಿತು ಎನ್ನುತ್ತಿದ್ದರು. ಕ್ಯಾತಣ್ಣ ಹೂಂ ಎನ್ನುತ್ತ ಕೂತ. ಹಟ್ಟಿಗೆ ಈಚೆಗೆ ಮದುವೆಯಾಗಿ ಬಂದ ಹೆಣ್ಣುಮಗಳೊಬ್ಬಳು ಮುದ್ದೆ ಬಡಿಸುತ್ತ ಅವನ ಮುಂದೆ ಬಂದು, ಗುರುತು ಸಿಗದೆ ರಂಗಕ್ಕನ ಕಡೆ ತಿರುಗಿದಳು.

"ಇವ್ರು ಯಾರಕ್ಕಾ?"

"ನಮ್ ಮೈದ ಕಣಮ್ಮ," ಅಂದಳು ರಂಗಕ್ಕ. "ಶಿರಾದಾಗೆ ಇರ್ತಾನೆ."